ಅಣು ಪರಿವೀಕ್ಷಕರಿಗೆ ಪಾಠ ಹೇಳುವವರು ಯಾರು?

ಪ್ರಶ್ನೆ: ನಮ್ಮ ಮನೆ ಕೈಗಾ ಅಣು ಸ್ಥಾವರದ ಸನಿಹದ ಕದ್ರಾ ಅಣೆಕಟ್ಟಿನ ಹತ್ತಿರ. ಅಣು ಸ್ಥಾವರಗಳನ್ನು ಪರಿಶೀಲಿಸಲು ವಿಯೆನ್ನಾದಿಂದ ಪರಿವೀಕ್ಷಕರು ಬರುತ್ತಾರೆ ಎಂದು ಓದಿದ್ದೇನೆ. ಅವರಿಗೆ ತರಬೇತಿ ಕೊಡುವುದು ಸ್ಥಾವರಗಳನ್ನು ಇಟ್ಟುಕೊಂಡಿರುವ ದೇಶಗಳೇ ಅಂತೆ. ಪರೀಕ್ಷೆಗೆ ಕೂರುವವರೇ ಪರೀಕ್ಷಕರಿಗೆ ಪಾಠ ಹೇಳಿದರೆ ಆ ಪರೀಕ್ಷೆಯನ್ನು ನಂಬುವುದು ಹೇಗೆ?

ಉತ್ತರ: ನ್ಯಾಯವಾದ ಪ್ರಶ್ನೆ. ಕೈಗಾ ರಸ್ತೆಯ ಊರುಗಳಿಂದ ಈ ಅನುಮಾನ ಬೇರೆ ಬೇರೆ ಮಾತುಗಳಲ್ಲಿ ನನಗೆ ಹಲವು ಸಲ ಬಂದಿದೆ. ಉತ್ತರಕ್ಕೆ ಕೈ ಹಾಕುವ ಮೊದಲು ಒಂದು ಗೊಂದಲ ಬಿಡಿಸಬೇಕು.

ವಿಯೆನ್ನಾದಲ್ಲಿರುವುದು 1957ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ. ಭಾರತ ಅದರ ಸ್ಥಾಪಕ ಸದಸ್ಯ. ಆದರೆ ಅದರ ಪರಿವೀಕ್ಷಕರು ಭಾರತದ ಎಲ್ಲ ಸ್ಥಾವರಗಳಿಗೂ ಬರುವುದಿಲ್ಲ. ನಾಗರಿಕ ಸ್ಥಾವರಗಳನ್ನು ಸೇನಾ ಉದ್ದೇಶದವುಗಳಿಂದ ಬೇರೆ ಮಾಡುವ 2006ರ ವಿಂಗಡಣೆ ಯೋಜನೆಯಲ್ಲಿ ನಮ್ಮ ಸರ್ಕಾರ 22 ವಿದ್ಯುತ್ ರಿಯಾಕ್ಟರುಗಳ ಪೈಕಿ 14ನ್ನು ಈ ತಪಾಸಣೆಗೆ ಒಪ್ಪಿಸಲು ಮುಂದಾಯಿತು. ಅದರ ಒಪ್ಪಂದಕ್ಕೆ 2009ರ ಫೆಬ್ರುವರಿಯಲ್ಲಿ ಸಹಿ ಬಿತ್ತು. ರಾವತಭಾಟಾ, ನರೋರಾ, ಕಾಕ್ರಾಪಾರ, ಕೂಡಂಕುಳಂ ಮತ್ತು ತಾರಾಪುರದ ಮೊದಲ ಎರಡು ಘಟಕಗಳು ಆ ಪಟ್ಟಿಯಲ್ಲಿವೆ. ಕೈಗಾದ ನಾಲ್ಕು ಘಟಕಗಳು ಇಲ್ಲ.

ಹಾಗಾದರೆ ನಿಮ್ಮೂರಿನ ಹಾಲು, ಮೀನು, ನೀರಿನ ಮಾದರಿ ತೆಗೆದುಕೊಂಡು ಹೋಗುವವರು ಯಾರು? ಅವರು ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯದವರು. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಸಿಕ್ಕ ಪ್ರಕರಣ ನಿಮಗೆ ನೆನಪಿರಬಹುದು. ಅಂಥವು ವಿಕಿರಣ ಸುರಕ್ಷತೆಯ ವಿಷಯ, ಅದರ ಹೊಣೆ ನಮ್ಮ ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿಯದು. ಐಎಇಎ ಪರಿವೀಕ್ಷಕರು ಕೇಳುವ ಪ್ರಶ್ನೆಯೇ ಬೇರೆ: ಇಷ್ಟು ಯುರೇನಿಯಂ, ಇಷ್ಟು ಪ್ಲುಟೋನಿಯಂ ಇದೆ ಎಂದು ಬರೆದುಕೊಟ್ಟಿದ್ದೀರಿ, ಅಷ್ಟೂ ಇದೆಯೇ? ಎಲ್ಲಿಯಾದರೂ ಬಾಂಬಿನ ಕಡೆಗೆ ಜಾರಿದೆಯೇ? ಒಂದು ಬಾಂಬಿಗೆ ಸಾಲಬಹುದಾದ ಪ್ರಮಾಣ ಎಂದು ಅವರು ಇಟ್ಟುಕೊಂಡಿರುವ ಅಳತೆ ಪ್ಲುಟೋನಿಯಂನಲ್ಲಿ 8 ಕಿಲೋ. ಅಷ್ಟು ಸಣ್ಣ ಗಂಟು ತಪ್ಪಿಹೋಗದಂತೆ 180ಕ್ಕೂ ಹೆಚ್ಚು ದೇಶಗಳಲ್ಲಿ ಕಣ್ಣಿಡಬೇಕು.

ಇನ್ನು ತರಬೇತಿಯ ಮಾತು. ಹೊಸದಾಗಿ ಸೇರುವವರು ಸಾಮಾನ್ಯವಾಗಿ ಎಂಜಿನಿಯರುಗಳು, ಭೌತವಿಜ್ಞಾನಿಗಳು ಅಥವಾ ರಸಾಯನವಿಜ್ಞಾನಿಗಳು. ಅವರಿಗೆ ಮೊದಲು ಕೆಲವು ತಿಂಗಳ ಪ್ರವೇಶ ಕೋರ್ಸ್. ಒಪ್ಪಂದದ ಕಾನೂನು, ಇಂಧನದ ಲೆಕ್ಕಪತ್ರ, ವಿಕಿರಣದಿಂದ ತಮ್ಮನ್ನು ತಾವು ಕಾಪಾಡಿಕೊಳ್ಳುವ ಕ್ರಮ, ವರದಿ ಬರೆಯುವ ಬಗೆ ಇವನ್ನೆಲ್ಲ ಸಂಸ್ಥೆಯ ಸಿಬ್ಬಂದಿಯೇ ಕಲಿಸುತ್ತಾರೆ. ಅಲ್ಲಿಂದಾಚೆಗೆ ಕಷ್ಟ ಶುರು. ಐಎಇಎ ಬಳಿ ಸ್ವಂತದ ರಿಯಾಕ್ಟರ್ ಇಲ್ಲ. ಉರಿದ ಇಂಧನ ಮುಳುಗಿಸಿಟ್ಟ ಕೊಳವಿಲ್ಲ. ಯುರೇನಿಯಂ ಸಂವರ್ಧಿಸುವ, ಅಂದರೆ ಅದರ ಉರಿಯುವ ಅಂಶವನ್ನು ಹೆಚ್ಚಿಸುವ ಕಾರ್ಖಾನೆಯಿಲ್ಲ.

ನಾನು ಶಿರಸಿಯ ಕಡೆಯವನು. ಹುಡುಗನಾಗಿದ್ದಾಗ ರಜೆಯಲ್ಲಿ ಚಿಕ್ಕಪ್ಪನ ಜೊತೆ ಅಡಿಕೆ ವಖಾರಿಯಲ್ಲಿ ಕೂರುತ್ತಿದ್ದೆ. ಒಣಗಿಸಿ ಸುಲಿದ ಚಾಲಿ ಅಡಿಕೆಯ ರಾಶಿಯಿಂದ ಅವರು ಒಂದು ಹಿಡಿ ಎತ್ತಿ ನನ್ನ ಅಂಗೈಗೆ ಸುರಿಯುತ್ತಿದ್ದರು. ‘ಇದರಲ್ಲಿ ಕೋಕಾ ಎಷ್ಟಿದೆ ಹೇಳು’ ಎನ್ನುತ್ತಿದ್ದರು. ಕೋಕಾ ಎಂದರೆ ಕೆಟ್ಟ ಅಡಿಕೆ. ನಾನು ಆರಿಸಿಕೊಟ್ಟ ಕಾಯಿಗಳನ್ನು ಒಂದೊಂದಾಗಿ ಅಡಕತ್ತರಿಯಲ್ಲಿ ಸೀಳಿ ತೋರಿಸುತ್ತಿದ್ದರು. ಹೊರಗೆ ಚೆಂದ ಕಂಡದ್ದು ಒಳಗೆ ಕಪ್ಪಾಗಿರುತ್ತಿತ್ತು. ಎರಡು ಬೇಸಿಗೆ ಕಳೆದ ಮೇಲೆ ಕಾಯಿಯ ತೂಕವೇ ನನ್ನ ಬೆರಳಿಗೆ ಅರ್ಧ ಸುದ್ದಿ ಹೇಳತೊಡಗಿತು. ಈ ವಿದ್ಯೆಯನ್ನು ಪುಸ್ತಕ ಓದಿ ಕಲಿತವರನ್ನು ನಾನು ಕಂಡಿಲ್ಲ. ನಾನು ಕಲಿತ ಅಡಿಕೆಯೂ ವಖಾರಿಯ ಸ್ವಂತದ್ದಲ್ಲ, ಬೆಳೆಗಾರರು ತಂದು ಸುರಿದದ್ದು. ಯಾರ ಮಾಲಿನ ಗುಣ ನೋಡಬೇಕೋ ಅವರ ಮಾಲಿನ ಮೇಲೆಯೇ ಕೈ ಪಳಗಿತು.

ಅಣು ಪರಿವೀಕ್ಷಕರ ಸ್ಥಿತಿ ಇದೇ. ಉರಿದ ಇಂಧನ ನೀರಿನ ಕೊಳದಲ್ಲಿ ನೀಲಿ ಬೆಳಕು ಸೂಸುತ್ತದೆ, ಅದನ್ನು ಚೆರೆಂಕೋವ್ ಬೆಳಕು ಎನ್ನುತ್ತಾರೆ. ಪರಿವೀಕ್ಷಕರು ಕೊಳದ ಮೇಲಿನ ಸೇತುವೆಯಲ್ಲಿ ನಿಂತು, ಆ ಬೆಳಕಿನ ಅತಿನೇರಳೆ ಭಾಗವನ್ನು ಹಿಡಿಯುವ ವಿಶೇಷ ಸಾಧನದಿಂದ ಕೆಳಗೆ ನೋಡುತ್ತಾರೆ. ನಿಜವಾದ ಇಂಧನದ ಕಟ್ಟು ತಾನೇ ಹೊಳೆಯುತ್ತದೆ. ಅದರ ಜಾಗದಲ್ಲಿ ಯಾರಾದರೂ ಬರಿಯ ಲೋಹದ ಕಟ್ಟನ್ನು ಇಟ್ಟಿದ್ದರೆ, ಪಕ್ಕದ ಕಟ್ಟುಗಳ ಬೆಳಕು ಬಿದ್ದು ಅದೂ ಮಂಕಾಗಿ ಮಿನುಗಬಹುದು. ಕಟ್ಟಿನ ನೇರ ಮೇಲಕ್ಕೆ ಬಂದು ನಿಂತರೆ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ, ಓರೆಯಾಗಿ ನೋಡಿದರೆ ಕಣ್ಣು ಮೋಸ ಹೋಗುತ್ತದೆ. ಇದನ್ನು ಕಲಿಯಲು ನಿಜವಾದ ಕೊಳವೇ ಬೇಕು. ಅದು ಇರುವುದು ಸದಸ್ಯ ದೇಶಗಳಲ್ಲಿ.

ಕೈಗಾದಂಥ ಭಾರಜಲ ರಿಯಾಕ್ಟರ್ ಇನ್ನೂ ತಲೆನೋವು. ಬೇರೆ ಬಗೆಯ ಹೆಚ್ಚಿನವುಗಳನ್ನು ನಿಲ್ಲಿಸಿ, ಮುಚ್ಚಳ ತೆಗೆದು ಇಂಧನ ಬದಲಿಸುತ್ತಾರೆ. ಆಗ ಹೋಗಿ ಎಣಿಸಬಹುದು. ನಮ್ಮ 220 ಮೆಗಾವ್ಯಾಟ್ ರಿಯಾಕ್ಟರಿನಲ್ಲಿ 306 ಕೊಳವೆಗಳು, ಪ್ರತಿಯೊಂದರಲ್ಲಿ ಅರ್ಧ ಮೀಟರ್ ಉದ್ದದ 12 ಇಂಧನ ಬಂಡಲುಗಳು, ಒಟ್ಟು 3672. ಅದು ಓಡುತ್ತಿರುವಾಗಲೇ ಒಂದು ತುದಿಯಿಂದ ಹೊಸ ಬಂಡಲ್ ಒಳಗೆ, ಇನ್ನೊಂದು ತುದಿಯಿಂದ ಹಳೆಯದು ಹೊರಗೆ. ಕೈಗಾದ ಮೊದಲ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿದ್ದೂ ಈ ಅನುಕೂಲದಿಂದಲೇ ಸಾಧ್ಯವಾಯಿತು. ಪರಿವೀಕ್ಷಕರಿಗೆ ಮಾತ್ರ ಇದು ನಿಂತು ಎಣಿಸಲು ಬಿಡದ ಲೆಕ್ಕ. ಕೈಗಾ ಪಟ್ಟಿಯಲ್ಲಿಲ್ಲದಿದ್ದರೂ ಅದರ ಒಡಹುಟ್ಟುಗಳಾದ ನರೋರಾ, ಕಾಕ್ರಾಪಾರಗಳು ಇವೆ. ಇಂಥ ಕಡೆ ಹೊರಬರುವ ಬಂಡಲುಗಳನ್ನು ತಾನಾಗಿ ಎಣಿಸುವ ಯಂತ್ರವನ್ನೂ ಕ್ಯಾಮೆರಾವನ್ನೂ ನಂಬಬೇಕು. ಆ ಯಂತ್ರಗಳನ್ನು ರೂಪಿಸುವಲ್ಲಿ ಇದೇ ಬಗೆಯ ರಿಯಾಕ್ಟರುಗಳ ತವರಾದ ಕೆನಡಾ ದೊಡ್ಡ ಪಾಲು ಹೊತ್ತಿದೆ.

ಹೀಗೆ ನೆರವಾಗಲು ದೇಶಗಳು ಬೆಂಬಲ ಕಾರ್ಯಕ್ರಮಗಳನ್ನು ಇಟ್ಟುಕೊಂಡಿವೆ. 1970ರ ದಶಕದಲ್ಲಿ ಅಮೆರಿಕ ಶುರು ಮಾಡಿತು, ಈಗ ಇಪ್ಪತ್ತಕ್ಕೂ ಹೆಚ್ಚು ದೇಶಗಳೂ ಯುರೋಪಿಯನ್ ಆಯೋಗವೂ ಇವೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಪರಿವೀಕ್ಷಕರು ನಿಜವಾದ ಯುರೇನಿಯಂ, ಪ್ಲುಟೋನಿಯಂ ಎದುರಿಗಿಟ್ಟುಕೊಂಡು ಅಳೆಯಲು ಕಲಿಯುತ್ತಾರೆ. ಇಟಲಿಯ ಇಸ್ಪ್ರಾದಲ್ಲೂ ಅಂಥ ವ್ಯವಸ್ಥೆಯಿದೆ. ಕೆಲವು ದೇಶಗಳು ತಜ್ಞರನ್ನು ತಮ್ಮದೇ ಖರ್ಚಿನಲ್ಲಿ ವಿಯೆನ್ನಾಕ್ಕೆ ಕಳುಹಿಸಿಕೊಡುತ್ತವೆ.

ಈಗ ನಿಮ್ಮ ಅನುಮಾನದ ತಿರುಳಿಗೆ ಬರುತ್ತೇನೆ. ಪಾಠ ಹೇಳಿದವರು ಪರೀಕ್ಷೆಯನ್ನು ತಿರುಚಬಲ್ಲರೇ? ಅದು ಸುಲಭವಲ್ಲ. ಒಬ್ಬ ಪರಿವೀಕ್ಷಕರು ಒಂದೇ ದೇಶದಲ್ಲಿ ಕಲಿಯುವುದಿಲ್ಲ. ಒಂದು ಕಡೆ ತಪ್ಪು ಕಲಿಸಿದರೆ ಇನ್ನೊಂದು ಕಡೆ ಅದು ಬಯಲಾಗುತ್ತದೆ. ಅವರು ತಂದ ಮಾದರಿಗಳು ವಿಯೆನ್ನಾ ಬಳಿಯ ಸೈಬರ್ಸ್‌ಡಾರ್ಫ್ ಪ್ರಯೋಗಾಲಯಕ್ಕೂ ಬೇರೆ ದೇಶಗಳ ಪ್ರಯೋಗಾಲಯಗಳಿಗೂ ಹೋಗುತ್ತವೆ. ಅವುಗಳ ಮೇಲೆ ಸಂಕೇತ ಸಂಖ್ಯೆಯಿರುತ್ತದೆಯೇ ಹೊರತು ಊರಿನ ಹೆಸರಿರುವುದಿಲ್ಲ. ಯಾರಾದರೂ ಗುಟ್ಟಾಗಿ ತೆರೆದರೆ ಗೊತ್ತಾಗಲೆಂದು ಪರಿವೀಕ್ಷಕರು ದಶಕಗಳಿಂದ ಹಾಕಿಬಂದಿರುವ ಲೋಹದ ಮುದ್ರೆಯನ್ನೇ ನೋಡಿ. ನಾಣ್ಯದಷ್ಟು ಅಗಲದ ಆ ಬಿಲ್ಲೆಯ ಒಳಮೈಯಲ್ಲಿ ಅಡ್ಡಾದಿಡ್ಡಿ ಗೀರುಗಳಿರುತ್ತವೆ, ಹೊರಗೆ ಕಳುಹಿಸುವ ಮೊದಲೇ ಅವುಗಳ ಚಿತ್ರ ತೆಗೆದಿಟ್ಟಿರುತ್ತಾರೆ. ತಿರುಗಿ ಬಂದ ಮೇಲೆ ಗೀರಿಗೆ ಗೀರು ಹೊಂದಿಸಿ ನೋಡುತ್ತಾರೆ. ಆ ಬಿಲ್ಲೆಯನ್ನು ಹಾಕಲು ಕಲಿಸಿದ ದೇಶ ಯಾವುದು ಎಂಬುದರಿಂದ ಗೀರುಗಳೇನೂ ಬದಲಾಗುವುದಿಲ್ಲ.

ಮೋಸ ನಡೆದೇ ಇಲ್ಲವೆಂದಲ್ಲ. 1991ರ ಯುದ್ಧದ ನಂತರ ಇರಾಕಿನ ಗುಪ್ತ ಕಾರ್ಯಕ್ರಮ ಬೆಳಕಿಗೆ ಬಂತು. ಪರಿವೀಕ್ಷಕರು ಅಲ್ಲಿಗೆ ಮೊದಲೂ ಹೋಗುತ್ತಿದ್ದರು, ಆದರೆ ದೇಶ ಘೋಷಿಸಿದ್ದನ್ನಷ್ಟೇ ಎಣಿಸಿ ಬರುತ್ತಿದ್ದರು. 1997ರಲ್ಲಿ, ಘೋಷಿಸದ ಜಾಗಗಳನ್ನೂ ನೋಡಲು ಅವಕಾಶ ಕೊಡುವ ಹೆಚ್ಚುವರಿ ಶಿಷ್ಟಾಚಾರ ಎಂಬ ಹೊಸ ಒಪ್ಪಂದದ ಮಾದರಿ ಬಂತು, ತರಬೇತಿಯೂ ಬದಲಾಯಿತು. ಲೆಕ್ಕ ಹೊಂದುತ್ತದೆಯೇ ಎನ್ನುವುದರ ಜೊತೆಗೆ ಈ ಕಟ್ಟಡ ಇಲ್ಲೇಕಿದೆ, ಈ ಗೋಡೆಗೆ ಹೊಸ ಬಣ್ಣವೇಕೆ ಎಂದು ಕೇಳುವ ಕಣ್ಣನ್ನು ಬೆಳೆಸುವುದು ಈಗ ಪಾಠದ ಭಾಗ. ಹತ್ತಿಯ ಬಟ್ಟೆಯ ತುಂಡಿನಿಂದ ಮೇಜು, ಗೋಡೆ ಒರೆಸಿ ತರುವ ಧೂಳಿನಲ್ಲಿ ಯುರೇನಿಯಂನ ಸೂಕ್ಷ್ಮ ಕಣಗಳನ್ನೂ ಪತ್ತೆಹಚ್ಚುತ್ತಾರೆ.

ನನಗೆ ಆತಂಕ ಇರುವುದು ಬೇರೆ ಕಡೆ. ಈ ನೆರವೆಲ್ಲ ಸ್ವಇಚ್ಛೆಯದು. ಒಂದು ದೇಶ ಹಣ ನಿಲ್ಲಿಸಿದರೆ, ಒಂದು ಸ್ಥಾವರ ಬಾಗಿಲು ಹಾಕಿದರೆ ಕಲಿಯುವ ಜಾಗವೇ ಹೋಗುತ್ತದೆ. ಓಡುತ್ತಲೇ ಇಂಧನ ಬದಲಿಸುವ ರಿಯಾಕ್ಟರುಗಳನ್ನು ದಶಕಗಳಿಂದ ನಡೆಸಿ ಗೊತ್ತಿರುವ ದೇಶಗಳಲ್ಲಿ ಭಾರತವೂ ಒಂದು. ಹರಿಯಾಣದ ಬಹಾದುರ್‌ಗಢ ಬಳಿ ಜಾಗತಿಕ ಅಣುಶಕ್ತಿ ಸಹಭಾಗಿತ್ವ ಕೇಂದ್ರ ಇದೆ, ಅಲ್ಲಿ ಐಎಇಎ ಜೊತೆ ಸೇರಿ ಕೋರ್ಸುಗಳು ನಡೆದಿವೆ. ಪಟ್ಟಿಯಲ್ಲಿರುವ ನಮ್ಮ ಭಾರಜಲ ಘಟಕಗಳಲ್ಲಿ ಒಂದಾದರೂ ವರ್ಷಕ್ಕೊಮ್ಮೆ ಹೊಸ ಪರಿವೀಕ್ಷಕರಿಗೆ ಪಾಠಶಾಲೆಯಾಗಬೇಕು ಎಂಬುದು ನನ್ನ ಆಸೆ. ಕಾಳಿ ದಂಡೆಯ ರಿಯಾಕ್ಟರಿನಲ್ಲಿ ಬಂಡಲ್ ಹಾಕಿ ತೆಗೆದು ಪಳಗಿದ ತಂತ್ರಜ್ಞರು ನಿವೃತ್ತರಾದ ಮೇಲೆ ಅಲ್ಲಿ ನಿಂತು ಕಲಿಸಬಹುದು.