ಪದ ಪರಿಚಯ: ಟ್ಯಾಗ್, ಅಥವಾ ಅಡಿಕೆಯೋ ಅಡಕೆಯೋ ಎಂಬ ತಕರಾರು

ತೀರ್ಥಹಳ್ಳಿ ಕಡೆಯ ನಮ್ಮ ಕೊಟ್ಟಿಗೆಯಲ್ಲಿ ಪ್ರತಿ ಹಸುವಿನ ಕಿವಿಯಲ್ಲೂ ಒಂದು ಹಳದಿ ಬಿಲ್ಲೆ ಇದೆ, ಅದರ ಮೇಲೆ 12 ಅಂಕಿಗಳಿವೆ. ಅದನ್ನು ಕಿವಿಯೋಲೆ ಎಂದೂ ಕರೆಯುತ್ತಾರೆ, ಟ್ಯಾಗ್ ಎಂದೂ ಕರೆಯುತ್ತಾರೆ. ಮೊಬೈಲಿನ ಟಿಪ್ಪಣಿಗಳಿಗೆ ಅಂಟಿಸುವುದಕ್ಕೂ ಟ್ಯಾಗ್ ಎಂದೇ ಹೆಸರು. ಆದರೆ ಎರಡರ ಕೆಲಸ ತದ್ವಿರುದ್ಧ. ಒಂದು ಹಸುವಿನ ಸಂಖ್ಯೆ ಮತ್ತೊಂದು ಹಸುವಿಗೆ ಇರಕೂಡದು. ಟಿಪ್ಪಣಿಯ ಟ್ಯಾಗ್ ಮತ್ತೊಂದು ಟಿಪ್ಪಣಿಗೂ ಇದ್ದರೆ ಮಾತ್ರ ಅದಕ್ಕೆ ಬೆಲೆ. ಒಂದೇ ಟಿಪ್ಪಣಿಗೆ ಅಂಟಿಕೊಂಡ ಟ್ಯಾಗ್ ಎಂದರೆ ಒಬ್ಬನೇ ಊಟಕ್ಕೆ ಕುಳಿತ ಪಂಕ್ತಿ.

ಬರೆದಿಟ್ಟ ಸಂಗತಿಯೊಂದನ್ನು ಮುಂದೆ ಯಾವ ಹೆಸರಿನಿಂದ ಕರೆದರೆ ಅದು ಓಗೊಡಬೇಕೋ ಆ ಹೆಸರೇ ಟ್ಯಾಗ್. ಸಾಮಾನ್ಯವಾಗಿ ಒಂದೇ ಪದ, ಅದರ ಮುಂದೆ ಹ್ಯಾಶ್ ಚಿಹ್ನೆ. ಕನ್ನಡದಲ್ಲಿ ಇದಕ್ಕೆ ‘ಹಣೆಪಟ್ಟಿ’ ಎನ್ನಬಹುದಿತ್ತು. ಆದರೆ ಆ ಪದವನ್ನು ನಾವು ಮನುಷ್ಯರಿಗೆ ಅಂಟಿಸಿ ಅಂಟಿಸಿ ಕೆಡಿಸಿದ್ದೇವೆ, ಹಾಗಾಗಿ ಟ್ಯಾಗ್ ಎಂದೇ ಇರಲಿ.

ಟ್ಯಾಗಿಗೂ ಫೋಲ್ಡರಿಗೂ ಇರುವ ವ್ಯತ್ಯಾಸ ತಿಳಿಯಲು ‘ಕಡತ’ ಎಂಬ ಪದ ಸಾಕು. ಹುಣಸೆ ಬೀಜದ ಅಂಟಿಗೆ ಇದ್ದಿಲಿನ ಪುಡಿ ಕಲಸಿ ಬಟ್ಟೆಗೆ ಬಳಿದು, ಕಪ್ಪಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕ ಅದು. ಇಂದು ಕಚೇರಿಯ ಫೈಲಿಗೆ ಆ ಹೆಸರು ಉಳಿದಿದೆ. ಒಂದು ಕಾಗದ ಒಂದು ಕಡತದಲ್ಲಿ ಮಾತ್ರ ಇರಲು ಸಾಧ್ಯ. ತೋಟದ ಔಷಧಿಗೆಂದು ಸುಣ್ಣ ತಂದ ರಸೀದಿ ಖರ್ಚಿನ ಕಡತಕ್ಕೆ ಸೇರಬೇಕೋ ಔಷಧಿಯ ಕಡತಕ್ಕೋ ಎಂಬ ಪ್ರಶ್ನೆಗೆ ಕಡತದಲ್ಲಿ ಉತ್ತರವಿಲ್ಲ. ಟ್ಯಾಗ್ ಇದ್ದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ, ಎರಡನ್ನೂ ಅಂಟಿಸಿದರಾಯಿತು.

ಜಾಲದಲ್ಲಿ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಮೆಚ್ಚಿದ ಜಾಲಪುಟಗಳ ವಿಳಾಸ ಕೂಡಿಡಲು 2003ರಲ್ಲಿ ಶುರುವಾದ ಡೆಲಿಷಿಯಸ್ ಎಂಬ ತಾಣ. ಯಾರು ಬೇಕಾದರೂ ತಮಗೆ ತೋಚಿದ ಪದವನ್ನು ಅಂಟಿಸುವ ಈ ವರ್ಗೀಕರಣಕ್ಕೆ ಥಾಮಸ್ ವಾಂಡರ್ ವಾಲ್ 2004ರಲ್ಲಿ ‘ಫೋಕ್ಸಾನಮಿ’ ಎಂದು ಹೆಸರಿಟ್ಟರು. ಟ್ವಿಟರಿನಲ್ಲಿ ಹ್ಯಾಶ್ ಚಿಹ್ನೆ ಬಳಸೋಣವೆಂದು ಕ್ರಿಸ್ ಮೆಸಿನಾ ಸೂಚಿಸಿದ್ದು 2007ರ ಆಗಸ್ಟಿನಲ್ಲಿ. ಸಾವಿರಾರು ಜನ ಸೇರಿದ ಕಡೆ ‘ತೋಚಿದ ಪದ’ ನಡೆಯುತ್ತದೆ, ಹತ್ತು ಜನ ತಪ್ಪಿದರೂ ನೂರು ಜನ ಸರಿಯಾಗಿ ಬರೆದಿರುತ್ತಾರೆ. ಸ್ವಂತ ಟಿಪ್ಪಣಿಗಳಲ್ಲಿ ಆ ನೂರು ಜನ ಇರುವುದಿಲ್ಲ.

ಹುಡುಕುವ ಸೌಲಭ್ಯ ಇರುವಾಗ ಟ್ಯಾಗ್ ಏಕೆ ಎಂದು ಕೇಳುವವರಿದ್ದಾರೆ. ಇಂಗ್ಲಿಷಿನಲ್ಲಿ ಬರೆಯುವವರು ಹಾಗೆ ಕೇಳಿದರೆ ಒಪ್ಪಬಹುದು. ಕನ್ನಡದಲ್ಲಿ ಬರೆಯುವವರು ಒಮ್ಮೆ ‘ಕಾಡು’ ಎಂದು ಹುಡುಕಿ ನೋಡಲಿ. ಅಕ್ಷರಕ್ಕೆ ಅಕ್ಷರ ಹೊಂದಿಸುವ ಸಾಮಾನ್ಯ ಹುಡುಕಾಟಕ್ಕೆ ‘ಕಾಡಿನಲ್ಲಿ’ ಸಿಗುವುದಿಲ್ಲ, ‘ಕಾಡಿಗೆ’ ಸಿಗುವುದಿಲ್ಲ. ತೋಟಕ್ಕೆ ನುಗ್ಗಿದ ‘ಕಾಡಾನೆ’ಯೂ ಸಿಗುವುದಿಲ್ಲ, ಲೋಪಸಂಧಿಯಲ್ಲಿ ಉಕಾರ ಬಿದ್ದುಹೋಗಿದೆ. ‘ಮೆಣಸು’ ಎಂದರೆ ‘ಮೆಣಸಿನ ಬಳ್ಳಿ’ ತಪ್ಪಿಸಿಕೊಳ್ಳುತ್ತದೆ. ಇನ್ನು ‘ಮರ’ ಎಂದು ಹುಡುಕಿದರೆ ಮರಳು, ಮರಣ, ಮರೆತ ಸಾಲ ಎಲ್ಲವೂ ಬಂದು ಜಗಲಿಯಲ್ಲಿ ಕುಳಿತುಕೊಳ್ಳುತ್ತವೆ. ವಿಭಕ್ತಿ ಪ್ರತ್ಯಯಗಳು ಪದದ ಕೊನೆಯನ್ನೇ ಬದಲಾಯಿಸುವ ಭಾಷೆಯಲ್ಲಿ, ಬದಲಾಗದೆ ನಿಲ್ಲುವ ಒಂದು ರೂಪವನ್ನು ಟಿಪ್ಪಣಿಯ ತಲೆಗೋ ಕಾಲಿಗೋ ಕಟ್ಟಿಡುವುದು ಚಟವಲ್ಲ, ಅಗತ್ಯ. ಹಾಗಾಗಿ ನನ್ನ ಮೊದಲ ನಿಯಮ ವ್ಯಾಕರಣದ್ದು: ಟ್ಯಾಗ್ ಯಾವಾಗಲೂ ಪ್ರಥಮಾ ವಿಭಕ್ತಿ, ಏಕವಚನ. ‘ಗಿಡಗಳು’ ಇಲ್ಲ, ‘ತೋಟದ’ ಇಲ್ಲ.

ಈ ನಿಯಮ ಮಾಡಿಕೊಳ್ಳುವ ಮೊದಲು ಪಟ್ಟ ಪಾಡನ್ನು ಹೇಳಬೇಕು. ಒಂದು ಮಳೆಗಾಲ, ಕೊಳೆರೋಗ ತಗುಲಿ ಅಡಿಕೆಯ ಕಾಯಿ ಉದುರಲು ಶುರುವಾದಾಗ, ಹಿಂದಿನ ವರ್ಷಗಳಲ್ಲಿ ಎರಡನೆಯ ಸಿಂಪಡಣೆಯನ್ನು ಯಾವಾಗ ಮಾಡಿದ್ದೆ ಎಂದು ನೋಡಲು ‘ಕೊಳೆರೋಗ’ ಟ್ಯಾಗ್ ಒತ್ತಿದೆ. ಮೂರೇ ಟಿಪ್ಪಣಿಗಳು ಬಂದವು. ಬರೆದದ್ದು ಅದಕ್ಕಿಂತ ಹೆಚ್ಚೆಂದು ಗೊತ್ತಿತ್ತು. ಟ್ಯಾಗುಗಳ ಪೂರ್ಣ ಪಟ್ಟಿ ತೆರೆದಾಗ ನಾಚಿಕೆಯಾಯಿತು: ಕೊಳೆರೋಗ, ಕೊಳೆ_ರೋಗ, ಕೊಳೆ, ಮಹಾಳಿ. ಅದಕ್ಕೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ಔಷಧದ್ದೂ ಹಾಗೆಯೇ: ಬೋರ್ಡೋ, ಬೋರ್ಡೊ, ಮೈಲುತುತ್ತ, ಸಿಂಪಡಣೆ, ಸಿಂಪರಣೆ. ಬೆಳೆಯ ಹೆಸರೇ ಎರಡು, ಅಡಿಕೆ ಮತ್ತು ಅಡಕೆ. ನಿಘಂಟಿನಲ್ಲಿ ಎರಡಕ್ಕೂ ಜಾಗವಿದೆ, ಎರಡೂ ಸರಿ. ತೊಂದರೆ ಬಂದದ್ದೇ ಅಲ್ಲಿ. ತಪ್ಪು ಕಾಗುಣಿತ ಕಣ್ಣಿಗೆ ಚುಚ್ಚುತ್ತದೆ, ಎರಡು ಸರಿಯಾದ ರೂಪಗಳು ಪಕ್ಕಪಕ್ಕದಲ್ಲಿ ಇದ್ದರೂ ಏನೂ ಅನಿಸುವುದಿಲ್ಲ.

ಇದಕ್ಕಿಂತ ಕಾಟ ಕೊಡುವುದು ಕಾಣದ ಅಕ್ಷರ. ‘ಬಿಲ್’ ಎಂಬ ಟ್ಯಾಗ್ ಪಟ್ಟಿಯಲ್ಲಿ ಎರಡು ಸಲ ಇತ್ತು, ಭೂತಗನ್ನಡಿ ಹಿಡಿದರೂ ವ್ಯತ್ಯಾಸವಿರಲಿಲ್ಲ. ಒಂದರ ಕೊನೆಯಲ್ಲಿ ಜೀರೋ ವಿಡ್ತ್ ನಾನ್ ಜಾಯಿನರ್ ಎಂಬ, ಅಗಲವೇ ಇಲ್ಲದ ಯುನಿಕೋಡ್ ಚಿಹ್ನೆ ಅಡಗಿತ್ತು. ಕನ್ನಡಕ್ಕೆ ಅದು ಬೇಕು. ‘ಬೋರ್‌ವೆಲ್’ ಎಂದು ಬಿಡಿಸಿ ಬರೆಯುವಾಗ ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗದಂತೆ ತಡೆಯುವುದು ಅದೇ. ಪದದ ಕೊನೆಯಲ್ಲಿ ಅದಕ್ಕೆ ಕೆಲಸವಿಲ್ಲದಿದ್ದರೂ ಬೇರೆಡೆಯಿಂದ ನಕಲು ಮಾಡಿದ ಪದದ ಜೊತೆ ಅಂಟಿಕೊಂಡು ಬರುತ್ತದೆ. ಕೆಲವು ತಂತ್ರಾಂಶಗಳಿಗೆ ಇವೆರಡು ಬೇರೆ ಬೇರೆ ಪದಗಳು. ಪರಿಹಾರ ಸುಲಭ: ಟ್ಯಾಗನ್ನು ನಕಲು ಮಾಡಬೇಡಿ, ಹೊಸದಾಗಿ ಬೆರಳಚ್ಚಿಸಲೂ ಬೇಡಿ. ಎರಡಕ್ಷರ ಬರೆದು, ತಂತ್ರಾಂಶವೇ ಮುಂದಿಡುವ ಪಟ್ಟಿಯಿಂದ ಆರಿಸಿಕೊಳ್ಳಿ.

ಒಂದು ವಿಷಯಕ್ಕೆ ಒಂದೇ ಹೆಸರು ಎಂದು ಮೊದಲೇ ಗೊತ್ತುಮಾಡಿಕೊಂಡ ಪಟ್ಟಿಯನ್ನು ಗ್ರಂಥಾಲಯದವರು ‘ನಿಯಂತ್ರಿತ ಪದಾವಳಿ’ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ, ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ಓದುವವರಿಗೆ ಅದು ಹಳೆಯ ಪರಿಚಯ. ಅಡಿಕೆಯ ದರ್ಜೆಗಳಿಗೆ ಅಲ್ಲಿ ಗೊತ್ತಾದ ಹೆಸರುಗಳಿವೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಮನೆಯ ಅಂಗಳದಲ್ಲಿ ಆರಿಸುವಾಗ ‘ಇದು ಸ್ವಲ್ಪ ಕೆಂಪು’, ‘ಅದು ಪರವಾಗಿಲ್ಲ’ ಎಂದು ಏನು ಬೇಕಾದರೂ ಅನ್ನಬಹುದು. ಮಂಡಿಗೆ ಹೋದ ಮೇಲೆ ಈ ಹೆಸರುಗಳಲ್ಲೇ ಮಾತು. ಹಾಗಿರುವುದರಿಂದಲೇ ಸಾಗರದವನು ಹೇಳಿದ ದರ ತೀರ್ಥಹಳ್ಳಿಯವನಿಗೆ ಅರ್ಥವಾಗುತ್ತದೆ. ಟಿಪ್ಪಣಿಯ ಒಳಗೆ ನಾನೂ ಏನು ಬೇಕಾದರೂ ಬರೆಯುತ್ತೇನೆ, ಅಡಕೆ ಎಂದೂ ಬರೆಯುತ್ತೇನೆ. ಟ್ಯಾಗ್ ಮಾತ್ರ ಅಡಿಕೆ.

ಬಿಟ್ಟುಬಿಟ್ಟ ಹೆಸರುಗಳನ್ನು ಮರೆಯಬಾರದು ಎಂಬುದು ಇದರ ಇನ್ನರ್ಧ. ನಿಘಂಟುಗಳಲ್ಲಿ ಒಂದು ಪದದ ಎದುರು ಅರ್ಥ ಕೊಡದೆ ‘ನೋಡಿ’ ಎಂದು ಬೇರೆ ಪದ ತೋರಿಸುತ್ತಾರಲ್ಲ, ಅದೇ ಉಪಾಯ. ನನ್ನ ಸಂಗ್ರಹದ ಮೊದಲ ಟಿಪ್ಪಣಿಯೇ ಅಂಥ ಪಟ್ಟಿ: ಮಹಾಳಿ, ನೋಡಿ ಕೊಳೆರೋಗ. ಒಳ್ಳೆಮೆಣಸು, ನೋಡಿ ಕಾಳುಮೆಣಸು. ಹೆಸರು ಬದಲಾದಾಗಲೂ ಇದು ಬೇಕು. 2014ರ ನವೆಂಬರ್ 1ರಂದು ನಮ್ಮ ಜಿಲ್ಲಾ ಕೇಂದ್ರದ ಇಂಗ್ಲಿಷ್ ಕಾಗುಣಿತ ‘ಶಿಮೊಗ’ ಹೋಗಿ ‘ಶಿವಮೊಗ್ಗ’ ಆಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಟ್ಯಾಗ್ ಹಾಕುತ್ತಿದ್ದವರ ಹಳೆಯ ಕಾಗದಪತ್ರಗಳು ಒಂದು ಕಡೆ, ಹೊಸವು ಇನ್ನೊಂದು ಕಡೆ ಉಳಿದವು.

ಯಾವ ಟ್ಯಾಗ್ ಹಾಕಬೇಕು, ಎಷ್ಟು ಹಾಕಬೇಕು ಎಂಬುದಕ್ಕೆ ನನಗೆ ದಾರಿ ತೋರಿಸಿದವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದವರು, ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಕೋಲನ್ ವರ್ಗೀಕರಣವನ್ನು 1933ರಲ್ಲಿ ಪ್ರಕಟಿಸಿದವರು, 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ, ದಾಖಲೆಗಳ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿದವರು. ಯಾವುದೇ ವಿಷಯವನ್ನು ಐದು ಮುಖಗಳಿಂದ ನೋಡಬಹುದು ಎಂಬುದು ಅವರ ಸಿದ್ಧಾಂತ: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಪುನರ್ವಸು ಮಳೆ ಬಿಟ್ಟ ಗಳಿಗೆಯಲ್ಲಿ ಕೆಳತೋಟಕ್ಕೆ ಔಷಧಿ ಹೊಡೆಸಿದ ಟಿಪ್ಪಣಿಗೆ ಇದನ್ನು ಹಿಡಿದು ನೋಡಿದೆ. ಅಡಿಕೆ, ಬೋರ್ಡೋ, ಸಿಂಪಡಣೆ, ಕೆಳತೋಟ, ಪುನರ್ವಸು. ಅವರ ಶಿಷ್ಯರು ಒಪ್ಪುವಷ್ಟು ಕಟ್ಟುನಿಟ್ಟಾಗಿ ಇಲ್ಲದಿರಬಹುದು. ಆದರೆ ಯಾವುದನ್ನು ಮರೆತೆ ಎಂದು ತಿಳಿಯಲು ಐದು ಬೆರಳು ಮಡಚಿದರೆ ಸಾಕು. ನೂರು ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ ಎಂಬಂಥ ವಿವರ ಟಿಪ್ಪಣಿಯ ಒಳಗೇ ಇರಲಿ, ಅದಕ್ಕೆ ಟ್ಯಾಗ್ ಬೇಡ.

ತಂತ್ರಾಂಶದ ಮಾತು ಎರಡೇ ಸಾಲು. ಟಿಪ್ಪಣಿ ಬರೆದಿಡುವ ಅಬ್ಸಿಡಿಯನ್ ಎಂಬ ತಂತ್ರಾಂಶದಲ್ಲಿ ಟ್ಯಾಗಿನ ನಡುವೆ ಖಾಲಿ ಜಾಗ ಬಿಡುವಂತಿಲ್ಲ, ಬರೀ ಅಂಕಿಗಳ ಟ್ಯಾಗ್ ನಡೆಯುವುದಿಲ್ಲ, ಓರೆಗೆರೆ ಹಾಕಿ ಒಳಟ್ಯಾಗ್ ಮಾಡಬಹುದು. ಒಂದು ಹಂತಕ್ಕಿಂತ ಆಳಕ್ಕೆ ಹೋದರೆ ಮತ್ತೆ ಕಡತಕ್ಕೇ ಬಂದಂತೆ.

ಅಚ್ಚುಕಟ್ಟು ಮಾಡುವ ಹುಮ್ಮಸ್ಸಿನಲ್ಲಿ ನಾನು ಮಾಡಿಕೊಂಡ ಒಂದು ಅನಾಹುತವನ್ನೂ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ಕಾನು, ಬ್ಯಾಣ, ಸೊಪ್ಪಿನಬೆಟ್ಟ ಎಂದು ಮೂರು ಟ್ಯಾಗುಗಳಿದ್ದವು. ಮೂರೂ ತೋಟದ ಆಚೆಯ ಜಾಗಗಳೇ ಎಂದುಕೊಂಡು ಒಂದು ಸಂಜೆ ಮೂರನ್ನೂ ‘ಕಾಡು’ ಎಂಬುದರೊಳಗೆ ಸೇರಿಸಿದೆ. ಮೂರು ಸಲ ಬೆರಳು ಒತ್ತಿದ್ದಷ್ಟೇ. ಕಾನು ಎಂದರೆ ದಟ್ಟ ನಿತ್ಯಹಸಿರು, ಬ್ಯಾಣ ಎಂದರೆ ದನ ಮೇಯುವ ಹುಲ್ಲುಗಾವಲು, ಸೊಪ್ಪಿನಬೆಟ್ಟ ಎಂದರೆ ತೋಟಕ್ಕೆ ಸೊಪ್ಪು ತರುವ ಹಕ್ಕಿನ ಜಾಗ. ಜೇನು ಕಂಡದ್ದು ಒಂದರಲ್ಲಿ, ಬೇಲಿಯ ಜಗಳ ಇನ್ನೊಂದರಲ್ಲಿ. ಅಡಿಕೆ ಮತ್ತು ಅಡಕೆ ಒಂದೇ ವಸ್ತುವಿನ ಎರಡು ಹೆಸರು, ಇವು ಮೂರು ವಸ್ತುಗಳ ಮೂರು ಹೆಸರು. ಸೇರಿಸಿದ್ದನ್ನು ಬಿಡಿಸಲು ಯಾವ ಗುಂಡಿಯೂ ಇರಲಿಲ್ಲ. ಒಂದೊಂದೇ ಟಿಪ್ಪಣಿ ತೆರೆದು, ಅದು ಯಾವ ಜಾಗದ ಮಾತೆಂದು ಓದಿ, ಟ್ಯಾಗ್ ಬದಲಾಯಿಸುತ್ತಾ ಆಶ್ಲೇಷ ಮಳೆಯ ನಾಲ್ಕು ಸಂಜೆಗಳನ್ನು ಕಳೆದೆ. ‘ಇಲ್ಲಿ ಮೂರು ಸಂಪಿಗೆ ಮರ’ ಎಂದಷ್ಟೇ ಬರೆದಿದ್ದ ಒಂದು ಟಿಪ್ಪಣಿ ಈಗಲೂ ‘ಕಾಡು’ ಟ್ಯಾಗಿನಲ್ಲೇ ಇದೆ.