ಸೌದೆ ರಾಶಿಗೆ ಕೈ ಹಾಕುವ ಮುನ್ನ

ಮಲೆನಾಡಿನ ತಾಲ್ಲೂಕು ಆಸ್ಪತ್ರೆಯಲ್ಲಿ ನಾವು ನೋಡುವ ಹಾವು ಕಡಿತದ ಕೇಸುಗಳಲ್ಲಿ ಕಾಡಿನಿಂದ ಬರುವವು ಕಡಿಮೆ. ಜಾಸ್ತಿ ಬರುವುದು ಮನೆ ಹಿತ್ತಲಿನಿಂದಲೇ. ಬಚ್ಚಲೊಲೆಗೆ ಸೌದೆ ಎಳೆಯುವಾಗ, ಬಿದ್ದ ಅಡಿಕೆ ಹಾಳೆ ಎತ್ತುವಾಗ, ಕೋಳಿಗೂಡಿನೊಳಗೆ ಮೊಟ್ಟೆ ತಡಕುವಾಗ, ತರಗೆಲೆ ಬಾಚಿ ಬುಟ್ಟಿಗೆ ತುಂಬುವಾಗ. ಕಣ್ಣು ಒಂದು ಕಡೆ, ಕೈ ಇನ್ನೊಂದು ಕಡೆ.

ಸೌದೆ ರಾಶಿಯೊಳಗೆ ಬೆಚ್ಚಗಿರುತ್ತದೆ, ಮಳೆ ತಾಗುವುದಿಲ್ಲ, ಇಲಿ ಕಪ್ಪೆ ಸಿಗುತ್ತವೆ. ಹಾವು ಅಲ್ಲಿ ಸೇರಿಕೊಳ್ಳುವುದು ಸಹಜ, ಅಲ್ವಾ? ಮಳೆಗಾಲ ಶುರುವಾಗುವ ಹೊತ್ತಿಗೆ ಇನ್ನೂ ಹುಷಾರಾಗಿರಿ. ಕೊಳಕುಮಂಡಲ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ, ಅದೂ ಹೆಚ್ಚಾಗಿ ಮೇನಿಂದ ಜುಲೈ ಒಳಗೆ. ಹುಟ್ಟಿದ ಮರಿಗೂ ವಿಷವಿದೆ. ಬೆನ್ನುದ್ದಕ್ಕೂ ಸರಪಳಿಯಂತೆ ಸಾಲಾಗಿರುವ ಕಂದು ಮಚ್ಚೆ ನೋಡಿ, ಹೆಬ್ಬಾವಿನ ಮರಿ ಅಂತ ಇದನ್ನು ಕೈಯಲ್ಲಿ ಎತ್ತಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ.

ಕಚ್ಚಿಸಿಕೊಂಡವರು ಬಂದಾಗ ನಾವು ಮಾಡುವ ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಒಣಗಿದ, ಶುಚಿಯಾದ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ತೆಗೆದು, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಮೆಲ್ಲಗೆ ವಾಲಿಸುತ್ತೇವೆ. ರಕ್ತ ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಸಮಾಧಾನ, ಆದರೂ ಮತ್ತೆ ಮತ್ತೆ ನೋಡುತ್ತೇವೆ. ನೀರಿನಂತೆ ಹರಿದರೆ ಮಂಡಲದ ವಿಷ ಒಳಗೆ ಕೆಲಸ ಶುರುಮಾಡಿದೆ ಎಂದರ್ಥ. ಆಗ ತಡಮಾಡದೆ ಡ್ರಿಪ್‌ನಲ್ಲಿ ವಿಷನಿರೋಧಕ ಔಷಧಿ ಹಾಕುತ್ತೇವೆ. ಮಗುವಿಗೂ ದೊಡ್ಡವರಷ್ಟೇ ಡೋಸು, ಯಾಕೆಂದರೆ ಹಾವು ಮಗು ಅಂತ ಕಡಿಮೆ ವಿಷ ಬಿಡುವುದಿಲ್ಲ.

ಈ ಔಷಧಿ ಕೆಲಸ ಮಾಡುವುದು ನಾಲ್ಕು ಹಾವುಗಳ ವಿಷಕ್ಕೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ನಮ್ಮ ಅಡಿಕೆ, ಕಾಫಿ ತೋಟಗಳ ತರಗೆಲೆಯಲ್ಲಿ ಅದೇ ಬಣ್ಣದಲ್ಲಿ ಸುರುಳಿ ಸುತ್ತಿ ಮಲಗುವ, ಮೂಗು ಮೇಲಕ್ಕೆದ್ದ ಗಿಡ್ಡ ಗುಳಿಮಂಡಲಕ್ಕೆ ಇದು ನಾಟುವುದಿಲ್ಲ. ಅದು ಕಚ್ಚಿದರೆ ಕೆಲವರಿಗೆ ಕಿಡ್ನಿಯೇ ಕೈಕೊಡುತ್ತದೆ, ಡಯಾಲಿಸಿಸ್‌ವರೆಗೂ ಹೋಗುತ್ತದೆ. ಹಾಗಾಗಿ ದೂರದಿಂದ ಮೊಬೈಲಲ್ಲಿ ಒಂದು ಫೋಟೊ ಸಿಕ್ಕರೆ ನಮಗೆ ಬಹಳ ಉಪಕಾರ. ಸಿಗದಿದ್ದರೆ ಬಿಡಿ, ಲಕ್ಷಣ ನೋಡಿಯೇ ಚಿಕಿತ್ಸೆ ಮಾಡುತ್ತೇವೆ. ಹಾವನ್ನು ಹುಡುಕಿ ಹೊಡೆಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳಬೇಡಿ.

ನನಗೆ ನಿಜಕ್ಕೂ ಸಂಕಟವಾಗುವುದು ಸೀರೆ ಸೆರಗು ಹರಿದು ಬಿಗಿದ ಕೈ ನೋಡಿದಾಗ. ಬೆರಳು ನೀಲಿಗಟ್ಟಿರುತ್ತದೆ, ತಣ್ಣಗಾಗಿರುತ್ತದೆ. ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಚೀಪಬೇಡಿ. ಬಳೆ, ಉಂಗುರ, ವಾಚು ಮಾತ್ರ ತಕ್ಷಣ ತೆಗೆಯಿರಿ, ಊದಿಕೊಂಡ ಮೇಲೆ ಬರುವುದಿಲ್ಲ. ನಾಟಿ ಔಷಧಿಯಿಂದ ಬದುಕಿದರು ಅನ್ನುವವರಲ್ಲಿ ಹೆಚ್ಚಿನವರಿಗೆ ಕಚ್ಚಿದ್ದು ವಿಷವಿಲ್ಲದ ಹಾವು, ಇಲ್ಲವೇ ಕಚ್ಚಿದರೂ ವಿಷ ಬಿಡದ ಹಾವು. ಅದನ್ನು ನಂಬಿ ಕೊಳಕುಮಂಡಲ ಕಚ್ಚಿದವರನ್ನು ಅರ್ಧ ದಿನ ಮನೆಯಲ್ಲಿ ಕೂರಿಸಿದರೆ, ಆಮೇಲೆ ನಮ್ಮ ಕೈಯಲ್ಲೂ ಜಾಸ್ತಿ ಉಳಿದಿರುವುದಿಲ್ಲ.

2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಎಲ್ಲಿ ಔಷಧಿ ಎಷ್ಟು ಬೇಕು ಅಂತ ತಿಳಿಯಲು ಇದು ತುಂಬ ಮುಖ್ಯ.

ಮನೆಯಲ್ಲಿ ಮಾಡುವುದು ಇಷ್ಟೇ. ಸೌದೆಯನ್ನು ನೆಲದಿಂದ ಮೊಣಕಾಲೆತ್ತರದ ಅಟ್ಟಣಿಗೆ ಮೇಲೆ, ಗೋಡೆಯಿಂದ ಸ್ವಲ್ಪ ದೂರ ಜೋಡಿಸಿ. ಎಳೆಯುವ ಮೊದಲು ಕೋಲಿನಿಂದ ಬಡಿದು ಅಲುಗಾಡಿಸಿ, ಹಾಳೆಯನ್ನು ಮೊದಲು ಕೋಲಲ್ಲಿ ಮಗುಚಿ. ಮುಸ್ಸಂಜೆ ನಂತರ ಟಾರ್ಚ್ ಇಲ್ಲದೆ ಹಿತ್ತಲಿಗೆ ಇಳಿಯಬೇಡಿ. ಮತ್ತೆ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಔಷಧಿ ಇದೆ ಅಂತ ಇವತ್ತೇ ಒಮ್ಮೆ ವಿಚಾರಿಸಿ ಇಟ್ಟುಕೊಳ್ಳಿ. 108ಕ್ಕೆ ಫೋನ್ ಮಾಡುವಾಗಲೇ ಹಾವು ಕಚ್ಚಿದೆ ಅಂತ ಹೇಳಿ.