ಮೊದಲ ಕಲ್ಲು ಬಿದ್ದ ಮೇಲೆ

1990ರ ಮಾರ್ಚ್ 31. ಲಂಡನ್ನಿನ ಕೆನ್ನಿಂಗ್ಟನ್ ಪಾರ್ಕಿನಿಂದ ಸುಮಾರು ಎರಡು ಲಕ್ಷ ಜನ ಮೆರವಣಿಗೆ ಹೊರಟರು. ತಲೆಗಿಷ್ಟು ಎಂದು ಹೊಸ ತೆರಿಗೆ ಹೇರಿದ್ದ ಥ್ಯಾಚರ್ ಸರ್ಕಾರದ ಮೇಲೆ ಅವರಿಗೆ ಸಿಟ್ಟು. ಸಂಜೆಯ ಹೊತ್ತಿಗೆ ಟ್ರಫಾಲ್ಗರ್ ಚೌಕದ ಸುತ್ತ ಅಂಗಡಿ ಗಾಜು ಪುಡಿಯಾಗಿತ್ತು, ಕಾರುಗಳು ಉರಿಯುತ್ತಿದ್ದವು. 300ಕ್ಕೂ ಹೆಚ್ಚು ಜನ ಪೊಲೀಸರ ವಶದಲ್ಲಿದ್ದರು.

ಗುಂಪು ಸೇರಿದರೆ ಜನಕ್ಕೆ ಬುದ್ಧಿ ಕೆಡುತ್ತದೆ ಅಂತ ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಫ್ರಾನ್ಸಿನ ಗುಸ್ತಾವ್ ಲೆ ಬಾನ್ 1895ರಲ್ಲೇ ಇದನ್ನು ಸಿದ್ಧಾಂತ ಮಾಡಿದ್ದ. ಆದರೆ ಕ್ಲಿಫರ್ಡ್ ಸ್ಟಾಟ್ ಮತ್ತು ಜಾನ್ ಡ್ರೂರಿ ಎಂಬ ಮನಶ್ಶಾಸ್ತ್ರಜ್ಞರು ಆ ದಿನ ಅಲ್ಲಿದ್ದವರನ್ನೇ ಮಾತಾಡಿಸಿದಾಗ ಬೇರೆಯದೇ ಕತೆ ಸಿಕ್ಕಿತು. ಬಹಳಷ್ಟು ಜನ ಜಗಳಕ್ಕೆಂದು ಬಂದವರಲ್ಲ. ಪೊಲೀಸರು ಮಾತ್ರ ಇಡೀ ಗುಂಪನ್ನೇ ಅಪಾಯ ಎಂದುಕೊಂಡರು. ಕುದುರೆ ನುಗ್ಗಿದಾಗ ಕಲ್ಲೆಸೆದವನೂ ಸುಮ್ನೆ ನಿಂತವನೂ ಒಂದೇ ಆದರು. ಅಲ್ಲಿಯವರೆಗೆ ದೂರ ಇದ್ದವರಿಗೂ ಕಲ್ಲೆಸೆಯುವವನು ನಮ್ಮವನೇ ಅನಿಸತೊಡಗಿತು.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಒಂದು ಲೆಕ್ಕ ಕೊಟ್ಟಿದ್ದ. ಚೌಕದಲ್ಲಿ 100 ಜನ ಇದ್ದಾರೆ. ಒಬ್ಬ ಯಾರನ್ನೂ ಕಾಯದೆ ಕಲ್ಲೆಸೆಯುತ್ತಾನೆ. ಎರಡನೆಯವನು ಒಬ್ಬ ಎಸೆದರೆ ತಾನೂ ಎಸೆಯುತ್ತಾನೆ, ಮೂರನೆಯವನು ಇಬ್ಬರು ಎಸೆದರೆ. ಹೀಗೇ ನೂರೂ ಜನ ಎದ್ದುಬಿಡುತ್ತಾರೆ. ಈಗ ಆ ಎರಡನೆಯವನ ಜಾಗದಲ್ಲಿ, ಇಬ್ಬರಾದರೂ ಎಸೆಯಲಿ ಎಂದು ಕಾಯುವವನನ್ನು ನಿಲ್ಲಿಸಿ. ಒಂದೇ ಕಲ್ಲು ಬೀಳುತ್ತದೆ, ಗಲಾಟೆ ಅಲ್ಲಿಗೇ ಮುಗಿಯಿತು! ಉಳಿದ 98 ಜನರ ಸಿಟ್ಟು ಎಳ್ಳಷ್ಟೂ ಬದಲಾಗಿಲ್ಲ. ಕಂಡಕಂಡವರ ಮೇಲೆ ಲಾಠಿ ಬೀಸಿದರೆ ಆಗುವುದು ಇದರ ಉಲ್ಟಾ: ಕಾಯುತ್ತಿದ್ದವರೆಲ್ಲ ಒಟ್ಟಿಗೇ ಕಾಯುವುದನ್ನು ಬಿಡುತ್ತಾರೆ.

ಬೆಂಕಿ ಹಚ್ಚಿದವನದು ತಪ್ಪೇ. ಗುಂಪಿನಲ್ಲಿದ್ದೆ ಅಂದರೆ ಅದು ಕರಗುವುದಿಲ್ಲ. ಆದರೆ ಎಲ್ಲರ ಮೇಲೂ ಕುದುರೆ ನುಗ್ಗಿಸಿ ಎಂದು ಆದೇಶ ಕೊಟ್ಟವರೂ ಉತ್ತರ ಕೊಡಬೇಕು. ತನಿಖೆಗಳು ಮೊದಲನೆಯವನನ್ನು ಹುಡುಕುವಷ್ಟು ಶ್ರದ್ಧೆಯಿಂದ ಇವರನ್ನು ಹುಡುಕುವುದು ಅಪರೂಪ.

ಬೇರೆ ದಾರಿ ಇದೆ. 2004ರ ಯೂರೋ ಫುಟ್‌ಬಾಲ್‌ಗೆ ಪೋರ್ಚುಗಲ್ಲಿನ ನಗರ ಪೊಲೀಸರು ಸ್ಟಾಟ್ ಮತ್ತು ಜೊತೆಗಾರರ ಸಲಹೆ ಪಡೆದರು. ಮಾಮೂಲಿ ಸಮವಸ್ತ್ರದಲ್ಲಿ ಅಭಿಮಾನಿಗಳ ನಡುವೆ ಓಡಾಡಿದರು, ಮಾತಾಡಿಸಿದರು. ಹೆಲ್ಮೆಟ್ ಪಡೆಯನ್ನು ಕಣ್ಣಿಗೆ ಬೀಳದಂತೆ ಇಟ್ಟರು. ತಂಟೆ ಮಾಡಿದವನನ್ನಷ್ಟೇ ಹಿಡಿದರು. ಗಲಾಟೆಗೆ ಹೆಸರಾಗಿದ್ದ ಇಂಗ್ಲೆಂಡ್ ಅಭಿಮಾನಿಗಳು ಪಂದ್ಯ ನಡೆದ ಊರುಗಳಲ್ಲಿ ದೊಡ್ಡ ಗಲಭೆ ಮಾಡಲಿಲ್ಲ. ಅದೇ ದಿನಗಳಲ್ಲಿ, ಈ ಕ್ರಮ ಪಾಲಿಸದ ಇನ್ನೊಂದು ಪೊಲೀಸ್ ಪಡೆಯ ಕೈಯಲ್ಲಿದ್ದ ಅಲ್ಬುಫೈರಾ ಎಂಬ ಊರಿನಲ್ಲಿ ಇಂಗ್ಲೆಂಡ್ ಅಭಿಮಾನಿಗಳಿಂದಲೇ ಗಲಭೆಯಾಯಿತು.